ಪುಟ್ಟಿ ಚೆನ್ನಾಗಿ ಮಾತಾಡಿದಳು

ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಹೊಲಿಯುವುದು ಪುಟ್ಟಿಯ ಅಮ್ಮನ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಕಾಜಾ ಅಕ್ಕ. ಅಂಗಡಿಯ ಹಿಂಬದಿಯಲ್ಲಿ, ಬಟ್ಟೆ ಚೂರುಗಳ ರಾಶಿಯ ಪಕ್ಕ, ಕಿಟಕಿಯ ಬೆಳಕು ಬೀಳುವ ಕಡೆ ಒಂದು ಮೋಟು ಸ್ಟೂಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದಳು. ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತು. ಅವಳು ರಜೆ ಹಾಕಿದ ದಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ಮೊದಲ ಸಲ ಕೇಳಿಸುತ್ತದೆ ಎಂದು ಅಂಗಡಿಯ ಮಾಸ್ಟರ್ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ.

ಅಂಥ ಮಾತುಗಾತಿಗೆ ಮಾತೇ ಬಾರದ ಮಗು ಹುಟ್ಟಿತಲ್ಲ ಎಂದು ಜನ ಆಡಿಕೊಂಡರು. ಜನಕ್ಕೇನು, ಆಡಿಕೊಳ್ಳುವುದಕ್ಕೆ ಒಂದು ಮನೆ ಸಿಕ್ಕರೆ ಸಾಕು. ಪುಟ್ಟಿ ಹುಟ್ಟುಕಿವುಡಿ ಎನ್ನುವುದು ಗೊತ್ತಾಗುವುದಕ್ಕೇ ಮೂರು ವರ್ಷ ಹಿಡಿಯಿತು. ಅದಕ್ಕೂ ಅಮ್ಮನ ಬಾಯಿಯೇ ಕಾರಣ. ಮಗಳು ಮಾತಾಡುತ್ತಿಲ್ಲ ಎಂದರೆ ತಾನು ಅದಕ್ಕೆ ಬಿಡುವೇ ಕೊಟ್ಟಿಲ್ಲ ಎಂದುಕೊಂಡಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ಕೈಜಾರಿ ದೊಡ್ಡ ಪಾತ್ರೆಯ ಮುಚ್ಚಳ ನೆಲಕ್ಕೆ ಬಿತ್ತು. ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಬೆನ್ನು ಹಾಕಿ ಕೂತು ಆಡುತ್ತಿದ್ದ ಪುಟ್ಟಿ ತಿರುಗಿ ನೋಡಲಿಲ್ಲ.

ಪೂರ್ತಿ ಕೇಳಿಸುವುದಿಲ್ಲ ಎಂದೇನಲ್ಲ, ಕಿವಿ ಮಿಷನ್ ಹಾಕಿ ಪಾಠ ಹೇಳಿದರೆ ಮಾತು ಬರುತ್ತದೆ, ಆದರೆ ಮಕ್ಕಳ ತಲೆಗೆ ಮಾತು ಹತ್ತುವುದಕ್ಕೂ ಒಂದು ವಯಸ್ಸಿದೆ, ಅದು ದಾಟಿದರೆ ಕಷ್ಟ ಎಂದು ಡಾಕ್ಟರು ಹೇಳಿದರು. ಮಿಷನ್ನಿನ ಬೆಲೆ ಕೇಳಿ ಅವಳ ಗಂಡ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಅವನು ಲಾರಿ ಓಡಿಸುವವನು, ತಿಂಗಳಲ್ಲಿ ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಕೊನೆಗೆ ಅವಳೇ ಅವರಿವರ ಕೈಕಾಲು ಹಿಡಿದು, ಕಂಡಕಂಡ ಬಾಗಿಲು ಬಡಿದು, ಬಡ ಮಕ್ಕಳಿಗೆ ಕಿವಿ ಮಿಷನ್ ಕೊಡಿಸುವ ಒಂದು ಸಂಸ್ಥೆಯನ್ನು ಹುಡುಕಿದಳು. ಅಷ್ಟರಲ್ಲಿ ಪುಟ್ಟಿಗೆ ಐದು ತುಂಬಿತ್ತು.

ಸಂಸ್ಥೆಯ ಅಧ್ಯಕ್ಷೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಕೆಟ್ಟ ಹೆಂಗಸಲ್ಲ, ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ತನ್ನ ಮನೆಯ ದುಡ್ಡೂ ಹಾಕಿ, ಉಳ್ಳವರ ಮನೆಗಳಿಗೆ ಹೋಗಿ ಕೈಯೊಡ್ಡಿ, ಕೇಳಿಸದ ಮಕ್ಕಳಿಗಾಗಿ ಓಡಾಡುತ್ತಿದ್ದಳು. ಮಿಷನ್ ಕೊಟ್ಟು ಕೈ ತೊಳೆದುಕೊಳ್ಳುವವರೇ ಹೆಚ್ಚಿರುವಾಗ ಇವಳು ಕಿವಿಗೆ ಕೂರುವ ಅಚ್ಚು, ಬ್ಯಾಟರಿ, ಮಾತು ಕಲಿಸುವ ಟೀಚರ್ ಎಲ್ಲವನ್ನೂ ಕೊಡುತ್ತಿದ್ದಳು. ಆದರೆ ಯಾವುದೂ ಒಂದು ವರ್ಷಕ್ಕೆ. ವರ್ಷದ ಕೊನೆಗೆ ದಾನಿಗಳನ್ನೆಲ್ಲ ಕರೆದು ಒಂದು ಸಮಾರಂಭ, ಅದಾದ ಮೇಲೆ ಯಾವ ಮಕ್ಕಳನ್ನು ಮುಂದುವರಿಸುವುದು, ಯಾರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ಎಂದು ತೀರ್ಮಾನ. ಮಕ್ಕಳ ಕಿವಿ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಸಡಿಲವಾದರೆ ಮಿಷನ್ ಕುಯ್ಯೆಂದು ಸಿಳ್ಳೆ ಹಾಕುತ್ತದೆ, ಮಾತು ಒಳಗೆ ಹೋಗುವುದಿಲ್ಲ. ಹೊಸ ಅಚ್ಚಿಲ್ಲದೆ, ಪಾಠವಿಲ್ಲದೆ ಬರೀ ಮಿಷನ್ ಇಟ್ಟುಕೊಂಡು ಮಾಡುವುದೇನೂ ಇಲ್ಲ. ಮುಂದಿನ ವರ್ಷವೂ ಪುಟ್ಟಿಗೆ ಜಾಗ ಸಿಗಬೇಕು ಎನ್ನುವ ಒಂದೇ ಚಿಂತೆ ಕಾಜಾ ಅಕ್ಕನನ್ನು ಮೊದಲ ದಿನದಿಂದ ಕೊರೆಯುತ್ತಿತ್ತು.

ಪಾಠ ನಡೆಯುತ್ತಿದ್ದುದು ಸಂಸ್ಥೆಯ ಮಾಳಿಗೆಯ ಕೋಣೆಯಲ್ಲಿ. ಗೋಡೆಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಜಮಖಾನ, ಒಂದು ಉದ್ದ ಕನ್ನಡಿ, ಅದರ ಮುಂದೆ ಗಿಡ್ಡ ಕುರ್ಚಿಗಳು. ಟೀಚರ್ ಸಣಕಲು ಹೆಂಗಸು, ನಗುವುದು ಅಪರೂಪ. ಪುಟ್ಟಿಯ ಕೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು, ಒಂದೇ ಮಾತನ್ನು ಹತ್ತು ಸಲ ಹೇಳಿ, ಆ ಮಾತಿನ ವಸ್ತುವನ್ನು ಮುಂದೆ ಹಿಡಿದು, ಮತ್ತೆ ಹತ್ತು ಸಲ ಹೇಳುತ್ತಿದ್ದಳು. ಮೂಲೆಯಲ್ಲಿ ಕೂತ ಕಾಜಾ ಅಕ್ಕನಿಗೆ ನೋಡಿ ನೋಡಿ ತಲೆ ಚಿಟ್ಟು ಹಿಡಿಯುತ್ತಿತ್ತು. ಹೀಗೇ ಹೋದರೆ ಮಗಳು ಒಂದು ವಾಕ್ಯ ಆಡುವಷ್ಟರಲ್ಲಿ ತನ್ನ ತಲೆ ನರೆಯುತ್ತದೆ ಎಂದು ಒಳಗೇ ಗೊಣಗುತ್ತಿದ್ದಳು.

ಆದರೂ ಮಾತು ಬಂತು. ಅಮ್ಮ ಬಂತು, ನೀರು ಬಂತು, ಬಾ ಬಂತು. ಒಂದು ಬೆಳಿಗ್ಗೆ ತಲೆ ಬಾಚುವಾಗ ಪುಟ್ಟಿ ಬಾಚಣಿಗೆ ತಳ್ಳಿ, ಮೂಗು ಸಿಂಡರಿಸಿ, "ಬೇಡ" ಎಂದಳು. ಅರ್ಧ ಜಡೆ ಹಾಗೇ ಬಿಟ್ಟು ಕಾಜಾ ಅಕ್ಕ ಬೀದಿಗೆ ಓಡಿದಳು. "ನನ್ ಮಗಳು ನಂಗೆ ಎದುರು ಮಾತಾಡಿದ್ಲು ಕಣ್ರೀ" ಎಂದು ಮನೆಮನೆಗೆ ಹೇಳಿ ಬಂದಳು. ಆ ದಿನ ಅವಳು ಅತ್ತಷ್ಟು ಸುಖವಾಗಿ ಹಿಂದೆ ಯಾವತ್ತೂ ಅತ್ತಿರಲಿಲ್ಲ.

ಸಮಾರಂಭಕ್ಕೆ ಎರಡು ತಿಂಗಳಿದೆ ಎನ್ನುವಾಗ ಟೀಚರ್ ತಾಯಂದಿರನ್ನು ಕೂರಿಸಿಕೊಂಡು ಹೇಳಿದಳು. "ಸ್ಟೇಜ್ ಮೇಲೆ ಒಂದೊಂದು ಮಗೂನೂ ಒಂದೊಂದು ಮಾತು ಹೇಳಿದ್ರೆ ಸಾಕು. ಚೆಂಡು ತೋರಿಸ್ತೀನಿ, ಚೆಂಡು ಅನ್ಲಿ. ಮನೇಲಿ ಏನೂ ಬಾಯಿಪಾಠ ಮಾಡಿಸ್ಬೇಡಿ."

ಕಾಜಾ ಅಕ್ಕನಿಗೆ ಇದು ಹಿಡಿಸಲಿಲ್ಲ. ಒಂದು ಚೆಂಡಿಗೆ ಯಾವ ದಾನಿ ಕರಗುತ್ತಾನೆ? ಅವಳು ಕಂಡ ಲೋಕದಲ್ಲಿ ಚೆನ್ನಾಗಿ ಹೇಳಿದವರಿಗೆ ಬೆಂಚು, ತೊದಲಿದವರಿಗೆ ಬಾಗಿಲು. ಚಿಕ್ಕವಳಿದ್ದಾಗ ಶಾಲೆ ತಪಾಸಣೆಗೆ ಬಂದ ಸಾಹೇಬರ ಮುಂದೆ ಪದ್ಯ ಮರೆತು ನಿಂತವಳು ಅವಳು. ಇವಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ಆ ವರ್ಷವೇ ಅಪ್ಪ ಶಾಲೆ ಬಿಡಿಸಿದ್ದ. ಮಗಳಿಗೆ ಹಾಗಾಗಬಾರದು. ಸಭೆಯಲ್ಲಿ ಪುಟ್ಟಿಯಷ್ಟು ಚೆನ್ನಾಗಿ ಇನ್ನೊಂದು ಮಗು ಮಾತಾಡಬಾರದು, ಆಗ ಅವಳ ಜಾಗವನ್ನು ಯಾರು ಅಲ್ಲಾಡಿಸುತ್ತಾರೆ ನೋಡೋಣ ಎಂದು ಟೊಂಕ ಕಟ್ಟಿ ನಿಂತಳು.

ಭಾಷಣ ಬರೆದುಕೊಡಲು ಮಾಸ್ಟರ್ ಒಂದು ಮಾತಿಗೆ ಒಪ್ಪಿದ. ಬೀದಿಯ ಯಾವ ಸಭೆಯಲ್ಲೂ ಮೈಕು ಸಿಕ್ಕರೆ ಬಿಡದ ಆಸಾಮಿ. ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡೇ ಕಣ್ಣು ಮುಚ್ಚಿ ಧ್ಯಾನ ಮಾಡಿ ನಾಲ್ಕು ವಾಕ್ಯ ಹೇಳಿದ. ಎಲ್ಲರಿಗೂ ನಮಸ್ಕಾರ. ನಾನು ಕೇಳಬಲ್ಲೆ. ನಾನು ಮಾತನಾಡಬಲ್ಲೆ. ನಿಮಗೆಲ್ಲ ನಾನು ಚಿರಋಣಿ.

"ಚಿರಋಣಿ ಅಂದ್ರೆ ಏನು ಮಾಸ್ಟ್ರೇ?"

"ಸಾಯೋವರೆಗೂ ನಿಮ್ ಉಪಕಾರ ಮರೆಯಲ್ಲ ಅಂತ."

"ಮಗು ನಾಲಿಗೆ ಹೊರಳ್ಬೇಕಲ್ಲ. ಥ್ಯಾಂಕ್ಸ್ ಅಂದ್ರೆ ಸಾಲ್ದಾ?"

"ಥ್ಯಾಂಕ್ಸು ಯಾರು ಬೇಕಾದ್ರೂ ಅಂತಾರೆ. ಚಿರಋಣಿ ಅಂದ್ರೆ ಎದುರಿಗಿರೋರ ಕಣ್ಣಲ್ಲಿ ನೀರು ಬರುತ್ತೆ."

ನೀರು ಬರಬೇಕಾದದ್ದು ನಿಜ. ಅವಳು ಒಪ್ಪಿಕೊಂಡಳು.

ಅಂದಿನಿಂದ ಪ್ರತಿ ಸಂಜೆ ಮನೆಯಲ್ಲಿ ಅದೇ ಕೆಲಸ. ಕನ್ನಡಿಯ ಮುಂದೆ ಮಗಳನ್ನು ನೆಟ್ಟಗೆ ನಿಲ್ಲಿಸಿ, ಟೀಚರ್ ಮಾಡುತ್ತಿದ್ದಂತೆ ಅವಳ ಕೈಯನ್ನು ತನ್ನ ಗಂಟಲಿಗೆ ಹಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿದಳು. ತಪ್ಪಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದಳು, ಮತ್ತೆ ಮೊದಲಿನಿಂದ. ಸರಿಯಾಗಿ ಬಂದರೆ ಒಂದು ಬಣ್ಣದ ಗುಂಡಿ. ಪುಟ್ಟಿ ಜಾಣೆ, ಅಮ್ಮನ ಮುಖ ಅರಳುವುದನ್ನು ನೋಡಲು ಏನು ಬೇಕಾದರೂ ಮಾಡುವ ಮಗು. ಚಿರಋಣಿಯಲ್ಲಿ ನಾಲಿಗೆ ಸಿಕ್ಕಿಕೊಂಡು ಬೆವರುತ್ತಿದ್ದಳು, ಆದರೂ ಹಟ ಬಿಡುತ್ತಿರಲಿಲ್ಲ. ಆ ಹಟ ಅಮ್ಮನದೇ.

ಒಂದು ಪಾಠದ ದಿನ ಟೀಚರ್ ನೀರಿನ ಲೋಟ ತೋರಿಸಿದಾಗ ಪುಟ್ಟಿ ಎದ್ದು ನೆಟ್ಟಗೆ ನಿಂತು ಎಲ್ಲರಿಗೂ ನಮಸ್ಕಾರ ಎಂದಳು. ಟೀಚರ್ ಲೋಟ ಕೆಳಗಿಟ್ಟು ಮೂಲೆಯ ಕಡೆ ತಿರುಗಿದಳು.

"ಬಾಯಿಪಾಠ ಬೇಡ ಅಂದಿದ್ದೆ ನಾನು."

"ನಾಲ್ಕೇ ನಾಲ್ಕು ವಾಕ್ಯ ಟೀಚರ್. ಎಷ್ಟು ಸ್ಪಷ್ಟವಾಗಿ ಹೇಳ್ತಾಳೆ ಕೇಳಿ."

"ಸ್ಪಷ್ಟ ಇದೆ. ಅದರ ಅರ್ಥ ಅವಳಿಗೆ ಗೊತ್ತಾ? ಈಗ ಅವಳು ಏನು, ಯಾರು, ಎಲ್ಲಿ ಅಂತ ಕೇಳೋದು ಕಲೀಬೇಕು. ನೋವು ಅನ್ನೋದು ಕಲೀಬೇಕು. ನೀರು ಅನ್ನೋದನ್ನೇ ಬಿಟ್ಟುಬಿಡ್ತಿದ್ದಾಳೆ, ನೀವು ನೋಡ್ತಾ ಇಲ್ವಾ?"

ಕಾಜಾ ಅಕ್ಕ ನೋಡಿದ್ದಳು. ಬಾಯಾರಿದಾಗ ಪುಟ್ಟಿ ಈಗ ಮೊದಲಿನಂತೆ ಸೆರಗು ಎಳೆದು ಬೆರಳು ತೋರಿಸುತ್ತಿದ್ದಳು. ಮಾತು ಎಂದರೆ ಕನ್ನಡಿಯ ಮುಂದೆ ಮಾಡುವ ಕೆಲಸ ಎಂದು ಮಗು ತಿಳಿದಂತಿತ್ತು. ಆದರೆ ಸಮಾರಂಭ ಮುಗಿಯಲಿ, ಜಾಗ ಗಟ್ಟಿಯಾಗಲಿ, ಆಮೇಲೆ ಇಡೀ ವರ್ಷ ಬಿದ್ದಿದೆ, ನೀರೂ ಕಲಿಯುತ್ತಾಳೆ ಬೆಂಕಿಯೂ ಕಲಿಯುತ್ತಾಳೆ ಎಂದು ಸಮಾಧಾನ ಮಾಡಿಕೊಂಡಳು. ಒಂದು ವರ್ಷದಲ್ಲಿ ತಾನು ಕಲಿಸಲಾಗದ್ದನ್ನು ತಾಯಿ ಕೆಲವೇ ವಾರಗಳಲ್ಲಿ ಕಲಿಸಿಬಿಟ್ಟಳಲ್ಲ ಎನ್ನುವ ಹೊಟ್ಟೆಕಿಚ್ಚು ಟೀಚರಿಗೆ ಇರಬೇಕು ಎಂದೂ ಅವಳಿಗೆ ಅನ್ನಿಸಿತು.

ಗಂಡ ಊರಿಗೆ ಬಂದ ರಾತ್ರಿ ಭಾಷಣ ಮಾಡಿಸಿ ತೋರಿಸಿದಳು. ಅವನು ತಟ್ಟೆ ಮುಂದಿಟ್ಟುಕೊಂಡು ಪೂರ್ತಿ ಕೇಳಿದ. ಆಮೇಲೆ ಮಗಳನ್ನು ಹತ್ತಿರ ಎಳೆದುಕೊಂಡು, ತನ್ನ ಎದೆ ಮುಟ್ಟಿಕೊಂಡು, "ಅಪ್ಪ ಅನ್ನು. ಅಪ್ಪ" ಎಂದ. ಪುಟ್ಟಿ ಅವನ ತುಟಿ ನೋಡಿದಳು, ಅಮ್ಮನ ಕಡೆ ನೋಡಿದಳು, ಹಿಂದಕ್ಕೆ ಸರಿದು ನೆಟ್ಟಗೆ ನಿಂತು ನಮಸ್ಕಾರದಿಂದ ಶುರು ಮಾಡಿದಳು.

"ನಂಗೆ ಚಿರಋಣಿ ಆಗೋದು ಬೇಡ ಇವಳು" ಎಂದು ಅವನು ಅನ್ನ ಕಲಸಿದ. "ಒಂದ್ ಸಲ ಅಪ್ಪ ಅಂದಿದ್ರೆ ಸಾಕಾಗಿತ್ತು."

"ಊರೂರು ಸುತ್ತೋರಿಗೆ ಅಪ್ಪ ಅನ್ನೋಕೆ ಮುಖ ನೆನಪಿರ್ಬೇಕಲ್ಲ" ಎಂದು ಅವಳು ತಿರುಗಿ ಅಂದಳು. ಅಂದ ಮೇಲೆ ಬೇಸರವಾಯಿತು. ಅವನು ಊಟ ಮುಗಿಸಿ ಮಲಗಿದ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ದಾನಿಗಳು, ಹಿಂದೆ ತಾಯಂದಿರು, ನಡುವೆ ಕ್ಯಾಮೆರಾ ಹಿಡಿದವರು. ಒಂದೊಂದೇ ಮಗು ಬಂದು ಚೆಂಡು ಎಂದಿತು, ಹೂವು ಎಂದಿತು, ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ತರಕಾರಿ ಮಾರುವವಳ ಮಗ ಅಷ್ಟು ಜನರನ್ನು ನೋಡಿದ್ದೇ ಬಾಯಿ ದೊಡ್ಡದು ಮಾಡಿ ಅಳತೊಡಗಿದ. ಕಿವಿಯಿಂದ ಮಿಷನ್ ಕಿತ್ತು ಎಸೆದ. ತಾಯಿ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಸ್ವಲ್ಪ ಮನೇಲಿ ಹೇಳ್ಕೊಡ್ಬೇಕಿತ್ತು ಕಣೆ" ಎಂದಳು ಕಾಜಾ ಅಕ್ಕ. ಅಯ್ಯೋ ಪಾಪ ಎನ್ನುವ ದನಿಯಿತ್ತು, ಒಳಗೆ ಪಾಪವೇನೂ ಅನ್ನಿಸಿರಲಿಲ್ಲ.

ಕೊನೆಗೆ ಪುಟ್ಟಿ. ಮೈಕಿನ ಮುಂದೆ ನೆಟ್ಟಗೆ ನಿಂತಳು. ಅಮ್ಮ ಎಲ್ಲಿದ್ದಾಳೆಂದು ಹುಡುಕಿದಳು, ಸಿಕ್ಕಿದಳು. ಒಂದು ಅಕ್ಷರ ತಪ್ಪಲಿಲ್ಲ. ಚಿರಋಣಿ ಎನ್ನುವುದು ಎಲ್ಲಕ್ಕಿಂತ ದೊಡ್ಡ ದನಿಯಲ್ಲಿ, ಸಭಾಂಗಣದ ಕೊನೆಯವರೆಗೆ ಕೇಳುವಂತೆ ಬಂತು. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡ ಮೇಡಂ ಕಣ್ಣೊರೆಸಿಕೊಳ್ಳುತ್ತ ಪುಟ್ಟಿಯನ್ನು ಎತ್ತಿಕೊಂಡಳು. ಕ್ಯಾಮೆರಾದವರು ಸುತ್ತ ಮುತ್ತಿಕೊಂಡರು. ಕಾಜಾ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಗೆದ್ದೆ ಎಂದುಕೊಂಡಳು.

ಮುಂದಿನ ವಾರ ಪಾಠಕ್ಕೆ ಹೋದಾಗ ಟೀಚರ್ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು.

"ಪುಟ್ಟಿ ಹೆಸರು ಈ ವರ್ಷ ಇಲ್ಲ" ಎಂದಳು.

ಕಾಜಾ ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವ ಪುಟ್ಟಿ?" ಎಂದಳು.

"ನಿಮ್ ಪುಟ್ಟಿ. ಮಾತು ಬಂದಿದೆ, ಇನ್ನು ಮಾತು ಬಾರದ ಮಕ್ಕಳಿಗೆ ಜಾಗ ಕೊಡೋಣ ಅಂತ ಮೇಡಂ ಹೇಳಿದ್ರು. ಮಿಷನ್ ನಿಮ್ಮ ಹತ್ರನೇ ಇರ್ಲಿ ಅಂದ್ರು. ಅಚ್ಚು, ಬ್ಯಾಟರಿ, ಪಾಠ ಇಲ್ಲ."

ಮೇಲಿನ ಕೋಣೆಯಿಂದ ತರಕಾರಿಯವಳ ಮಗ ಅಳುವುದು ಕೇಳಿಸುತ್ತಿತ್ತು. ಅವನಿಗೆ ಜಾಗ ಸಿಕ್ಕಿತ್ತು. ಕಾಜಾ ಅಕ್ಕನ ಬಾಯಿಗೆ ಸಾವಿರ ಮಾತು ಬಂದವು. ಹೊರಗೆ ಬಂದದ್ದು ಬೈಗುಳ. "ನೀವ್ ಹೇಳ್ಬಾರ್ದಾ? ಅವಳಿಗೆ ಏನೂ ಬರಲ್ಲ ಅಂತ ನಿಮಗ್ ಗೊತ್ತಿರ್ಲಿಲ್ವಾ?"

"ಹೇಳ್ದೆ. ನಾನು ಕಣ್ಣಾರೆ ನೋಡಿದ್ದು ಸುಳ್ಳಾ ಅಂದ್ರು." ಟೀಚರ್ ಮೊದಲ ಸಲ ಅವಳ ಭುಜ ಮುಟ್ಟಿದಳು. "ಒಂದು ಕೆಲಸ ಮಾಡಿ. ನೀವೇ ಮಗೂನ ಕರ್ಕೊಂಡು ಮೇಡಂ ಹತ್ರ ಹೋಗಿ. ಭಾಷಣ ಬಿಟ್ಟು ಬೇರೆ ಏನಾದ್ರೂ ಕೇಳ್ಲಿ ಅವರು. ಹೆಸರು ಕೇಳ್ಲಿ, ನೀರು ಬೇಕಾ ಅಂತ ಕೇಳ್ಲಿ. ಉತ್ತರ ಬರಲ್ಲ ಅನ್ನೋದು ಅವರಿಗೇ ಗೊತ್ತಾಗುತ್ತೆ."

ಮೇಡಂ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕೂತು ಕಾಜಾ ಅಕ್ಕ ಮಗಳಿಗೆ ಸನ್ನೆ ಮಾಡಿ ಹೇಳಿದಳು. ತುಟಿಯ ಮೇಲೆ ಬೆರಳಿಟ್ಟಳು, ಅಲ್ಲಿ ಮಾತಾಡಬಾರದು ಎಂದು ತಲೆಯಾಡಿಸಿದಳು. ಪುಟ್ಟಿಯೂ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಮಿಷನ್ ಆಗಲೇ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು, ಅಚ್ಚು ಸಡಿಲವಾಗಿತ್ತು. ಇಷ್ಟು ದಿನ ಮಗಳು ಮಾತಾಡಲಿ ಎಂದು ಊರೆಲ್ಲ ಅಲೆದವಳು ಈಗ ಇವಳು ಬಾಯಿ ಬಿಡದಿರಲಿ ಎಂದು ಹಂಬಲಿಸುತ್ತ ಹೋಗುತ್ತಿದ್ದಳು. ಇದಕ್ಕೆ ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ದೊಡ್ಡ ಮೇಡಂ ಎದ್ದು ಬಂದು ಪುಟ್ಟಿಯ ಕೆನ್ನೆ ಸವರಿದಳು. ಕುರ್ಚಿಯ ಹಿಂದಿನ ಗೋಡೆಯಲ್ಲಿ ಪುಟ್ಟಿಯದೇ ದೊಡ್ಡ ಫೋಟೋ, ಮೈಕಿನ ಮುಂದೆ ಬಾಯಿ ತೆರೆದು ನಿಂತದ್ದು.

"ನೋಡಿ, ನಿಮ್ ಮಗಳೇ ಈಗ ನಮ್ ಸಂಸ್ಥೆಯ ಮುಖ. ಆ ವಿಡಿಯೋ ನೋಡಿ ಎಷ್ಟು ಜನ ಹೊಸದಾಗಿ ದಾನ ಕೊಟ್ಟಿದ್ದಾರೆ ಗೊತ್ತಾ?"

"ಮೇಡಂ, ಅವಳಿಗೆ ಮಾತು ಬರಲ್ಲ."

ಮೇಡಂ ನಕ್ಕಳು. "ಹಾಗಂದ್ರೆ?"

"ನಾನು ಕಲಿಸಿದ್ದು ಅದು. ಗಿಳಿಪಾಠ. ಅವಳಿಗೆ ಅದರ ಒಂದು ಅಕ್ಷರದ ಅರ್ಥಾನೂ ಗೊತ್ತಿಲ್ಲ. ಬಾಯಾರಿದ್ರೆ ನೀರು ಅನ್ನೋಕೂ ಬರಲ್ಲ ಈಗ. ಪಾಠ ನಿಲ್ಲಿಸ್ಬೇಡಿ ಮೇಡಂ, ನಿಮ್ ಕಾಲು ಹಿಡೀತೀನಿ. ನೀವೇ ಕೇಳಿ ನೋಡಿ, ಅವಳ ಹೆಸರು ಕೇಳಿ."

ಮೇಡಂ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಲ್ಲಿ ಇರಲಿಲ್ಲ. ಬಗ್ಗಿ, ಮಗುವಿನ ಎದುರು ಮುಖ ತಂದು, "ಪುಟ್ಟಿ, ನಿನ್ ಹೆಸರೇನು?" ಎಂದು ಕೇಳಿದಳು.

ಪುಟ್ಟಿ ಆ ಮುಖವನ್ನು ನೋಡಿದಳು. ಅಂದು ತನ್ನನ್ನು ಎತ್ತಿಕೊಂಡವಳ ಮುಖ ಅದು. ಗೋಡೆಯ ಮೇಲಿನ ತನ್ನ ಫೋಟೋ ನೋಡಿದಳು. ಅಮ್ಮ ತೋರಿಸಿದಂತೆ ತುಟಿಯ ಮೇಲಿಟ್ಟುಕೊಂಡಿದ್ದ ಬೆರಳು ತಾನಾಗಿ ಕೆಳಗಿಳಿಯಿತು. ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತಳು.

"ಎಲ್ಲರಿಗೂ ನಮಸ್ಕಾರ."

"ನೋಡಿ ಮೇಡಂ, ಹೆಸರು ಕೇಳಿದ್ರೆ ಇದನ್ನ ಹೇಳ್ತಾಳೆ. ಇನ್ನೊಂದ್ ಸಲ ಕೇಳಿ."

"ದೊಡ್ಡವರನ್ನ ಕಂಡ್ರೆ ಮೊದಲು ನಮಸ್ಕಾರ ಹೇಳ್ಬೇಕು ಅನ್ನೋದು ಕಲಿತಿದ್ದಾಳೆ. ಅದು ತಪ್ಪಾ?"

"ನಾನು ಕೇಳಬಲ್ಲೆ" ಎಂದಳು ಪುಟ್ಟಿ. ಕಾಜಾ ಅಕ್ಕ ಕೈ ಎತ್ತಿದಳು. ಪುಟ್ಟಿ ನಿಲ್ಲಿಸಿದಳು, ಯೋಚಿಸಿದಳು, ಇನ್ನೂ ಸ್ಪಷ್ಟವಾಗಿ ಹೇಳಿದಳು. "ನಾನು ಕೇಳಬಲ್ಲೆ. ನಾನು ಮಾತನಾಡಬಲ್ಲೆ."

"ಸಾಕು ಪುಟ್ಟಿ."

"ನಿಮಗೆಲ್ಲ ನಾನು"

ಕಾಜಾ ಅಕ್ಕ ಮುಂದೆ ಬಗ್ಗಿ ಮಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಮೆಲ್ಲಗೆ ಅಲ್ಲ. ಪುಟ್ಟಿಯ ತಲೆ ಹಿಂದಕ್ಕೆ ವಾಲಿತು.

ಕೋಣೆಯಲ್ಲಿ ಮಿಷನ್ನಿನ ಸಿಳ್ಳೆಯೊಂದೇ ಕೇಳಿಸುತ್ತಿತ್ತು. ಮೇಡಂ ನೆಟ್ಟಗಾದಳು.

"ಕೈ ತೆಗೀರಿ" ಎಂದಳು. "ಎಷ್ಟೋ ತಾಯಂದಿರನ್ನ ನೋಡಿದ್ದೀನಿ. ಮಗುಗೆ ಮಾತು ಬಂತಲ್ಲ ಅಂತ ಖುಷಿ ಪಡೋರನ್ನ ನೋಡಿದ್ದೀನಿ. ಇನ್ನೊಂದು ವರ್ಷ ಪುಕ್ಕಟೆ ಸಿಗ್ಲಿ ಅಂತ ಮಗು ಬಾಯಿ ಮುಚ್ಚೋರನ್ನ ಇವತ್ತೇ ನೋಡಿದ್ದು. ಈ ಮಗೂಗೆ ಮಾತು ಬಂತು ಅಂತ ಸಾವಿರ ಜನಕ್ಕೆ ತೋರಿಸಿದ್ದೀವಿ. ಈಗ ಬಂದಿಲ್ಲ ಅಂತ ಯಾರ ಮುಂದೆ ಹೇಳ್ಲಿ? ನಿಮಗೆ ಇನ್ನೊಬ್ಬರ ಮಗು ಕಣ್ಣಿಗೆ ಕಾಣಲ್ವಾ?"

ಕಾಜಾ ಅಕ್ಕ ಮಗಳ ಕೈ ಹಿಡಿದುಕೊಂಡಳು. ಮಾತು ಕಲಿತ ಮೇಲೆ ಇಷ್ಟು ಬೈಸಿಕೊಂಡು ತಿರುಗಿ ಒಂದು ಮಾತೂ ಅನ್ನದೆ ಅವಳು ಹೊರಗೆ ಬಂದದ್ದು ಅದೇ ಮೊದಲು.

ರಸ್ತೆಯ ಬದಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಪುಟ್ಟಿಯ ಮೇಲ್ದುಟಿಯ ಮೇಲೆ ಬೆರಳ ಗುರುತು ಕೆಂಪಗೆ ಮೂಡಿತ್ತು. ಅಳಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅದು ಅರಳಿರಲಿಲ್ಲ, ಅಂದರೆ ಎಲ್ಲೋ ತಪ್ಪಿದೆ. ಬಸ್ಸುಗಳು ಹೋದವು. ನಿನ್ನದೇನೂ ತಪ್ಪಿಲ್ಲ ಕಂದಾ ಎಂದು ಹೇಳಬೇಕೆಂದು ಕಾಜಾ ಅಕ್ಕನಿಗೆ ಎದೆ ಒಡೆಯುವಷ್ಟು ಆಸೆಯಾಯಿತು. ಹೇಳಿಯೂ ಹೇಳಿದಳು, ಎರಡು ಸಲ, ಮೂರು ಸಲ. ಆದರೆ ತಪ್ಪು ಎನ್ನುವ ಮಾತನ್ನು ಆ ಮಗುವಿಗೆ ಯಾರೂ ಕಲಿಸಿರಲಿಲ್ಲ, ಇಲ್ಲ ಎನ್ನುವುದನ್ನೂ ಕಲಿಸಿರಲಿಲ್ಲ.

ಪುಟ್ಟಿ ಕಟ್ಟೆಯಿಂದ ಇಳಿದಳು. ಲಂಗ ಸರಿಮಾಡಿಕೊಂಡು, ಅಮ್ಮನ ಎದುರು ನೆಟ್ಟಗೆ ನಿಂತು, ಈ ಸಲ ಎಲ್ಲೂ ತಪ್ಪಬಾರದೆಂದು ಬಹಳ ನಿಧಾನವಾಗಿ, ಮೊದಲಿನಿಂದ ಶುರು ಮಾಡಿದಳು.